ಒಂದು ಪೆಸೊಗೆ ನಾಲ್ಕು ನಿಮಿಷ

ಪೆಸೊ ನುಂಗಿದ ಪರದೆ ಕಣ್ತೆರೆಯಿತು.
ನಾಲ್ಕು ನಿಮಿಷ.

ಮೌಸಿನ ಕೆಳಗೆ ಹಳೇ ಚುನಾವಣೆಯ ಬ್ಯಾನರಿನ ತುಂಡು,
ಸೋತ ಅಭ್ಯರ್ಥಿಯ ನಗೆ, ಕಿವಿಯಿಂದ ಕಿವಿಗೆ.
ನನ್ನ ಕೈ ಅವನ ಹಲ್ಲುಗಳ ಮೇಲೆ ಓಡುತ್ತದೆ,
ಗುಂಡೆಲ್ಲ ಗೋಡೆಗೆ.

"ಮಣಿಕಟ್ಟಲ್ಲ, ಮೊಣಕೈ" ಅಂದಳು ಮೆರ್ಲಿಂಡಾ,
ಸೆಬುವಿನ ಕಾರ್ಬನ್ ಮಾರ್ಕೆಟ್ಟಿನಲ್ಲಿ ಮೀನು ಕೊಯ್ಯುವವಳು,
ಉಗುರಲ್ಲಿ ಇನ್ನೂ ಹುರುಪೆ.
ಮೌಸಿನ ವೇಗ ಅರ್ಧಕ್ಕರ್ಧ ಇಳಿಸಿದಳು.
ನನ್ನ ತೋಳು ಕೆಸರಿಗೆ ಸಿಕ್ಕ ದೋಣಿ.

"ಓಡುವವನ ಬೆನ್ನು ಹತ್ತಬೇಡ.
ಬಾಗಿಲಲ್ಲಿ ಅವನ ತಲೆ ಬರುವಷ್ಟು ಎತ್ತರಕ್ಕೆ
ಚುಕ್ಕೆ ಇಟ್ಟು ಕಾದಿರು.
ನಿಲ್ಲು. ಆಮೇಲೆ ಒತ್ತು."

ಬಾಗಿಲು. ಖಾಲಿ ಬಾಗಿಲು.
ಪಕ್ಕದ ಹುಡುಗರು ಸಾಯುತ್ತ, ಬೈಯುತ್ತ, ಮತ್ತೆ ಹುಟ್ಟುತ್ತ.
ಬೆವರು ಮೂಗಿನ ತುದಿಗೆ ಬಂತು; ಒರೆಸಲಿಲ್ಲ.
ದಿನಾ ಸಾಯುವ ಈ ಬಾಗಿಲನ್ನು
ಇಷ್ಟು ಹೊತ್ತು ಯಾವತ್ತೂ ನೋಡಿರಲಿಲ್ಲ ನಾನು:
ಅದಕ್ಕೆ ಹಿಡಿಯಿದೆ, ತುಕ್ಕಿದೆ,
ಯಾರೋ ಕೂತು ಬಿಡಿಸಿದ ನೆರಳೂ ಇದೆ.

ಭುಜ ಮೊದಲು, ಆಮೇಲೆ ತಲೆ
ತಾನಾಗಿ ಬಂದು ಚುಕ್ಕೆಯೊಳಗೆ ನಿಂತಿತು.
ಬೆರಳು ಬಾಗುವಷ್ಟರಲ್ಲಿ
ಪರದೆ ಕಪ್ಪು.

ಮೆರ್ಲಿಂಡಾ ಸೊಂಟದ ಚೀಲ ತಡಕಿದಳು.
ಅವಳ ನಾಣ್ಯಕ್ಕೂ ಮೀನಿನ ವಾಸನೆ.