ಕಿಡಕಿ ಇಲ್ಲದ ಖೋಲಿ

ಭಿಶಿ ಎತ್ತೂ ದಿನ ನವನಗರದ ನಮ್ಮ ಪಡಸಾಲ್ಯಾಗ
ಚಹಾ ಆರಾಕತ್ತಿತ್ತು, ಚೀಟಿ ಇನ್ನೂ ಡಬ್ಬಿ ಒಳಗ.
ಅಂಬುಬಾಯಿ ಮೊಬೈಲು ಮುಂದ ಹಿಡದು ಅಂದ್ಲು:
"ಮುಂಬೈ ಬಂದರದಿಂದ ಹಡಗ. ಮೂರು ರಾತ್ರಿ.
ಈ ವರ್ಷ ಮಿಕ್ಸರ್ ಬ್ಯಾಡ, ಬಂಗಾರ ಬ್ಯಾಡ,
ನೀರ ಮ್ಯಾಲ ಹೋಗಿ ಬರೂಣು."

ಯಾರೂ ನಗಲಿಲ್ಲ. ನಕ್ಕಿದ್ರ ಅಲ್ಲೇ ಮುಗೀತಿತ್ತು.
ನೀಲಗಂಗಾ ಮಾತ್ರ ಕೇಳಿದ್ಲು,
"ಹಡಗಿನ್ಯಾಗ ರೊಟ್ಟಿ ಕೊಡ್ತಾರೇನು?"

ಅವತ್ತಿಂದ ನನ್ನ ಪಿಗ್ಮಿ ವಹಿ ತುಂಬ ಸಮುದ್ರ.
ರೊಕ್ಕ ಕಟ್ಟಿದವರ ಹೆಸರಿನ ಬೆನ್ನಿಗೆ
ಗದಗ-ಮುಂಬೈ ಗಾಡಿ ಟಾಯಮು,
ಸೊಲ್ಲಾಪುರದಾಗ ಎಷ್ಟೊತ್ತು ನಿಲ್ಲತೈತಿ,
ದಾದರದಾಗ ಇಳೀಬೇಕೋ, ವಿ.ಟಿ. ತನಕ ಹೋಗಬೇಕೋ,
ಅಲ್ಲಿಂದ ಬಂದರಕ್ಕ ನಾಲ್ಕು ಮಂದಿಗೆ ಟ್ಯಾಕ್ಸಿ ಒಂದು ಸಾಕೋ
(ಅಂಬುಬಾಯಿ ಇದ್ದ ಮ್ಯಾಲ ಎರಡು ಅಂತ ಬರದು, ಹೊಡದು ಹಾಕೀನಿ).
ಹಡಗ ಹತ್ತೂ ಮುಂದ ಊಟದ ಗಂಟು ಬಿಡೂದಿಲ್ಲಂತ.
ಬಿಡೂದಿಲ್ಲ ಅಂದ್ರ?
ಶೇಂಗಾ ಹಿಂಡಿ ಔಷಧ ಡಬ್ಬ್ಯಾಗ ಹೋಗತೈತಿ,
ಅಗಸಿ ಹಿಂಡಿ ಪೌಡರ್ ಡಬ್ಬ್ಯಾಗ,
ಕಟಕ ರೊಟ್ಟಿ ಇಳಕಲ್ ಸೀರಿ ಮಡಿಕಿ ನಡುವ.
ಮುರದ್ರ ಮುರೀಲಿ.

ತಂಟೆ ಬಂದದ್ದು ಖೋಲಿದು.
ಕಿಡಕಿ ಇರೂ ಖೋಲಿಗೆ ತಲಿಗೆ ಆರು ಸಾವಿರ ಹೆಚ್ಚು.
ಒಳಗಿನ ಖೋಲ್ಯಾಗ ನಾಲ್ಕು ಗ್ವಾಡಿ, ನಾಲ್ಕು ಹಾಸಿಗಿ,
ಹಗಲಾಗಲಿ ರಾತ್ರಿ ಆಗಲಿ ಅದೇ ದೀಪ.
"ಸಮುದ್ರ ನೋಡಾಕ ಹೋಗಿ ಗ್ವಾಡಿ ನೋಡೂದೇನು?" ಅಂಬುಬಾಯಿ.
"ಮ್ಯಾಲ ಹತ್ತಿ ನೋಡು, ಯಾರು ಬ್ಯಾಡ ಅಂದಾರ?" ನೀಲಗಂಗಾ.
ಬೀಬಿಜಾನ್, ಅಲ್ಲೀತನಕ ಸುಮ್ಮಿದ್ದಾಕಿ,
ಅಡಕೊತ್ತು ಮುಚ್ಚಿ ಅಂದ್ಲು:
"ನಾ ಕಿಡಕ್ಯಾಗಿಂದ ನೀರು ನೋಡಿದಾಕಿ.
ಮೊದಲ ಪಾವಟಿಗಿಗೆ ಬಂತು, ಎರಡನೇದಕ್ಕ ಬಂತು,
ನೋಟೀಸು ಬಂತು.
ನನಗ ಒಳಗಿಂದೇ ಇರಲಿ."

ಚೀಟಿ ಎತ್ತೂಣು ಅಂದೆ. ಭಿಶಿ ಧರ್ಮ ಅದು.
ಒಳಗಿನ ಖೋಲಿ ಬಂತು.
ಅಂಬುಬಾಯಿ ಎರಡು ದಿನ ಮಾತು ಬಿಟ್ಲು.

ಝೆರಾಕ್ಸ್ ಅಂಗಡಿ ಹುಡುಗ ಫಾರ್ಮ್ ತುಂಬಿದ.
"ತುರ್ತು ಬಿದ್ರ ಯಾರಿಗೆ ಫೋನ್ ಮಾಡೂದು?"
ನಾ ನೀಲಗಂಗಾನ ನಂಬರ್ ಹೇಳಿದೆ, ನೀಲಗಂಗಾ ನಂದು,
ಅಂಬುಬಾಯಿ ಬೀಬಿಜಾನದು, ಬೀಬಿಜಾನ್ ಅಂಬುಬಾಯಿದು.
ಹುಡುಗ ಕುರ್ಚಿ ತಿರುವಿ ನಕ್ಕ:
"ಅತ್ತಿ, ಮುಳುಗಿದ್ರ ನಾಲ್ಕೂ ಮಂದಿ ಕೂಡೇ ಮುಳುಗತೀರಿ.
ದಂಡಿ ಮ್ಯಾಲ ಇರೂವ್ರು ಬೇಕು."
"ಮುಳುಗೂದು ನಮಗ ಹೊಸಾದಲ್ಲೋ," ಅಂದ್ಲು ಬೀಬಿಜಾನ್,
"ಹಿಂದಕ್ಕ ಮುಳುಗಿದಾಗ ಚೆಕ್ ಕೊಟ್ಟಿದ್ರು."
ಅವಂಗ ತಿಳೀಲಿಲ್ಲ. ನವನಗರದಾಗ ಹುಟ್ಟಿದವ.
"ಖಾಯಂ ವಿಳಾಸ?" ಅಂದ.
ನಾವು ಒಬ್ಬರ ಮಾರಿ ಒಬ್ಬರು ನೋಡಿ
ಸೆಕ್ಟರ್ ನಂಬರ್ ಬರಸಿದಿವಿ.

ರಾತ್ರಿ ನಿದ್ದಿ ಹತ್ತಲಿಲ್ಲ.
ಕಿಲ್ಲಾದ ಮನಿ ಬಿಡೂ ಮುಂದ
ನನ್ನ ಗಂಡ ಮೊದಲು ಕಿತ್ತಿದ್ದು ಕಿಡಕಿ.
ಸಾಗವಾನಿದು, ಐದು ಸಳಿ, ಒಂದು ಡೊಂಕು,
ಮಗಳು ತಲಿ ಸಿಗಸಿಕೊಂಡಾಗ ಬಾಗಿಸಿದ್ದು.
ಟ್ರ್ಯಾಕ್ಟರದಾಗ ಅಡ್ಡ ಮಲಗಿ ಇಲ್ಲಿಗೆ ಬಂತು.
ಈಗ ಅದರಾಚೆ ಬಾಜೂ ಮನಿಯವರ ಗ್ವಾಡಿ,
ನಳದ ಪೈಪು, ಒಣಗಾಕಿದ ಒಂದು ಪಾಯಜಾಮ.
ಘಟಪ್ರಭಾ ನೋಡ್ತಿದ್ದ ಕಿಡಕಿ ಇಲ್ಲಿ ಸಿಮೆಂಟ್ ನೋಡತೈತಿ.
ಮನಿ ಅಲ್ಲೇ ಐತಿ, ನೀರಾಗ,
ಕಿಡಕಿ ಇಲ್ಲದ.

ಮುಂಜಾನಿ ಬೀಬಿಜಾನ್ ಫೋನು.
"ರೊಕ್ಕ ಕಟ್ಟಿಯೇನು?"
ಇನ್ನೂ ಇಲ್ಲ ಅಂದೆ.
"ಕಿಡಕಿದು ಎಷ್ಟು ಹೆಚ್ಚಂದಿ?"
ಆರು.
ಅಡಕೊತ್ತಿನ ಸಪ್ಪಳ ಎರಡು ಸಲ ಕೇಳಿಸ್ತು.
"ಪಡದೆ ಇರತೈತೇನು ಅದಕ್ಕ?
ಸಾಕನಸಿದ್ರ ಎಳಕೊಳ್ಳಾಕ?"

ಇರತೈತಿ ಅಂದೆ. ನನಗೇನು ಗೊತ್ತು.
ಇಲ್ಲಂದ್ರ ಇಳಕಲ್ ಸೀರಿ ಐತಲ್ಲ,
ರೊಟ್ಟಿ ತಗದು ಕಟ್ಟಿದರಾತು.