ನಲವತ್ತೈದನೇ ದಿವಸ

ಬರೀರಿ ಹವಾಲ್ದಾರ್ರ, ಅಂದ್ರು ಜಿನ್ನಪ್ಪ ಉಗಾರ, ಟ್ರಸ್ಟಿನ ಚೇರ್ಮನ್ರು.
ಲೋಕಾಪುರ ರಸ್ತೆಕ ಹನ್ನೆರಡು ಎಕರೆ ಸಪಾಟ ಮಾಡಿಸ್ಯಾರ,
ಕಂಪೌಂಡು ಎದ್ದೈತಿ, ಗೇಟಿಗೆ ಬಣ್ಣ ಇನ್ನೂ ಹಸಿ.
ಆರು ವರ್ಷದ ಹುಡುಗ್ರನ್ನ ಒಳಗ ತಗೊಳ್ಳೋದು,
ಹದಿನೆಂಟಕ್ಕ ಹೊರಗ ಬಿಡೋದು.
ಬಿಟ್ರ ಹುಲಿ ಬಿಟ್ಟಂಗ ಇರಬೇಕು.
ಹನ್ನೆರಡು ವರ್ಷದ ಟೈಮ್‌ಟೇಬಲ್ ನೀವ ಹಾಕಿ ಕೊಡ್ರಿ,
ನಾಯಿ ಅಷ್ಟು ಚೊಲೋ ತಯಾರ ಮಾಡಿದಾವ್ರಿಗೆ
ಮನಷ್ಯಾರ್ನ ಮಾಡೂದು ಏನ್ ಹೆಚ್ಚು?

ನಕ್ಕರು. ನಾನೂ ನಕ್ಕನಿ. ಚಾ ಬಂತು.

ಮುಧೋಳದಾಂವ ನಾನು. ನಮ್ಮೂರಂದ್ರ
ಹೆಸರು ಕೇಳಿದಾವ್ರು ಮೊದಲ ನಾಯಿ ಕೇಳತಾರ, ಆಮ್ಯಾಲ ಮಂದಿ.
ಇಪ್ಪತ್ನಾಕು ವರ್ಷ ಫೌಜಿನ ಕೆನಲ್‌ದಾಗ ಇದ್ದಾಂವ,
ಗೊತ್ತೈತಿ ನನಗ:
ನಲವತ್ತೈದನೇ ದಿವಸ ಮರಿ ತಾಯಿ ಬಿಡಬೇಕು.
ಮೂವತ್ತಕ್ಕ ಬಿಡಿಸಿದ್ರ ಅಂಜಬುರುಕ ಆಕ್ಕತಿ,
ಅರವತ್ತಕ್ಕ ಬಿಡಿಸಿದ್ರ ಮನಿ ಮಗಾ ಆಕ್ಕತಿ.
ತಾಯಿ ಮಲಗಿದ್ದ ತಟ್ಟಿನ ಚೀಲದ ಒಂದು ತುಂಡು
ಮರಿ ಜೋಡಿ ಇಡಬೇಕು, ಏಳು ದಿನ.
ಎಂಟನೇ ದಿನ ತಗದು ಸುಡಬೇಕು.

ರಾತ್ರಿ ಕೆಂಪು ಬೈಂಡಿನ ವಹಿ, ಫುಟ್‌ಪಟ್ಟಿ.
ಕಾರ್ಖಾನಿ ಕಾಕಂಬಿ ವಾಸನಿ ಕಿಡಕ್ಯಾಗಿಂದ.
ಗೆರಿ ಹೊಡದ್ನಿ.
ನಾಕೂವರಿ, ಸೀಟಿ.
ನಾಕು ನಲವತ್ತು, ಹಾಸಿಗಿ ಸುತ್ತೋದು. ಸುಕ್ಕು ಇದ್ರ ಮತ್ತ ಬಿಚ್ಚಿ ಸುತ್ತೋದು.
ನಾಕನೇ ವರ್ಷ, ಕಣ್ಣು ಕಟಗೊಂಡು
ಒಂದು ಸೈಕಲ್ ಪೂರಾ ಬಿಚ್ಚಿ ಜೋಡಸೋದು.
ಏಳನೇ ವರ್ಷ, ಬೂಟು ಕೊಳ್ಳಾಗ ಹಾಕ್ಕೊಂಡು ಘಟಪ್ರಭಾ ಈಸಿ ದಾಟೋದು.
ಹತ್ತನೇ ವರ್ಷ, ಎರಡು ದಿನ ಉಪಾಸ,
ಮೂರನೇ ದಿನ ಗಣಿತ ಪರೀಕ್ಷಾ.
ಸುಳ್ಳು ಯಾಕ ಹೇಳಲಿ,
ಕೈಗೆ ಖುಷಿ ಆಗತಿತ್ತು.

ಅಳು, ಅಂತ ಒಂದು ಕಾಲಂ ಹಾಕಿದ್ನಿ.
ಮೊದಲನೇ ವಾರ: ನಡೀತೈತಿ.
ಎರಡನೇ ವಾರ: ಗ್ವಾಡಿ ಕಡೆ ಮಾರಿ ಮಾಡಿ.
ಮೂರನೇ ವಾರ

ಶಮಶೇರ ನೆನಪಾದ.
ಎಂಟು ವರ್ಷ ನೌಕರಿ ಮಾಡಿ ಇಬ್ಬರೂ ಕೂಡೇ ರಿಟೈರ್ ಆದ್ವಿ,
ಮನಿಗೆ ತಂದ್ನಿ.
ತಂಗೆವ್ವ ಹಾಲಿನ್ಯಾಗ ರೊಟ್ಟಿ ಮುರದು ಇಟ್ಲು.
ಮೂಸಿದ. ಹಿಂದ ಸರದು ಕುಂತ.
ತಿನ್ನೋ ನಮ್ಮಪ್ಪಾ, ಅಂದ್ಲು ಆಕಿ.
ಅವಗ ಕನ್ನಡ ಯಾರು ಕಲಸಿದ್ರು?
ಖಾಲೋ, ಅಂದ್ನಿ ನಾನು. ತಿಂದ.

ಮುಂದ ಒಂದು ಮದವಿಗೆ ಸವದತ್ತಿಗೆ ಹ್ವಾದೆ, ಎರಡು ದಿವಸ.
ಬಂದು ನೋಡಿದ್ರ ತಾಟು ತುಂಬೇತಿ, ಹಾಲಿಗೆ ಇರವಿ ಮುತ್ಯಾವ.
ಅಂವ ಬಾಜೂಕ, ಎದಿ ಎತ್ತಿ, ಸಾವಧಾನ.
ಬಾಯಿಂದ ಜೊಲ್ಲು ಸೋರಿ
ಮುಂಗಾಲ ಮುಂದಿನ ನೆಲಾ ಹಸಿಯಾಗಿತ್ತು.
ನೌಕರ್ಯಾಗ ಆಗಿದ್ರ ಇದಕ್ಕೊಂದು ಬಿಲ್ಲೆ ಕೊಡತಿದ್ರು.
ತಂಗೆವ್ವ ಅವತ್ತು ನನ್ನ ಜೋಡಿ ಮಾತಾಡಲಿಲ್ಲ.

ನಲವತ್ತೇಳು ಪುಟ. ಚೇರ್ಮನ್ರು ಉಗುಳು ಹಚ್ಚಿ ಹಚ್ಚಿ ತಿರುವಿದ್ರು.
ಮೊಮ್ಮಗ ತೊಡಿ ಮ್ಯಾಲ, ಅಳ್ಳಾಡೋ ಹಲ್ಲು
ನಾಲಗಿಯಿಂದ ದಬ್ಬತಿದ್ದ.
ಭಾರಿ, ಭಾರಿ, ಅಂದ್ರು.
ಒಂದು ಕಡೆ ಬೊಟ್ಟು ನಿಂತು.
ಇದೇನ್ರಿ, ಮೂರನೇ ವಾರದಿಂದ ಹನ್ನೆರಡು ವರ್ಷ, ದಿನಾ:
ಯಾರೂ ಹೇಳದ ತಾನ ಎದ್ದು ಉಣ್ಣೋದು?
ಇದನ್ನೂ ಕಲಸಬೇಕ?
ಕಲಸೂದಲ್ರಿ. ಮರಸಬಾರದು, ಅಷ್ಟ.
ಊಟದ ಕಾಲಂ ಮೊದಲ ಐತೆಲ್ಲ, ಅಂದ್ರು,
ಪೆನ್ಸಿಲ್ ತಗದು ಸಣ್ಣಗ ಒಂದು ಗೆರಿ ಎಳದ್ರು.
ನನ್ನ ಫುಟ್‌ಪಟ್ಟಿ ಗೆರಿಗಿಂತ ನೆಟ್ಟಗ ಬಂತು.

ಅಜ್ಜಾ, ಆ ನಾಯಿ ಈಗ ಎಲ್ಲೈತಿ, ಅಂತು ಹುಡುಗ.
ಯಾರು ಹೇಳಿದ್ರು ಅವಗ ನಾಯಿ ಸುದ್ದಿ, ಗೊತ್ತಿಲ್ಲ.
ನಾನು ಲಕೋಟಿ ಎಣಿಸಾಕತ್ತಿದ್ನಿ.

ಮನಿಗೆ ಬಂದ್ನಿ. ಕೈ ತೊಳಕೊಂಡ್ನಿ.
ತಂಗೆವ್ವ ನೀಡಿದ್ಲು, ಬದನಿಕಾಯಿ ಎಣಗಾಯಿ, ಬಿಸಿ ರೊಟ್ಟಿ.
ತಾಟಿನ ಮುಂದ ಕುಂತ್ನಿ.
ಯಾಕ, ಆರತೈತಿ, ಉಣ್ಣು ಮತ್ತ,
ಅಂದ್ಲು.
ಅಂದ ಮ್ಯಾಲ ಉಂಡ್ನಿ.