ಹದಿನೆಂಟನೇ ಪಾವಟಿಗಿ

ಅವ್ವನ ತವರು ಲಕ್ಕುಂಡಿ.
ನೂರೊಂದು ಗುಡಿ, ನೂರೊಂದು ಬಾವಿ ಅಂತಾರ.
ನಾ ಎಣಿಸಿದ್ದು ಒಂದ ಬಾವಿ,
ಅದರಾಗ ಹದಿನೇಳ ಪಾವಟಿಗಿ.
ಹದಿನೆಂಟನೇದ್ದರ ಮ್ಯಾಲ ಪಾಚಿ ಇತ್ತು.

ಕೊಡ ಒಂದ ಕಡೆ, ಮುಂದಿನ ಹಲ್ಲ ಒಂದ ಕಡೆ.
ಎಲ್ಲಾರಿಗೂ ಇನ್ನೂ ಬೆಳಕಿತ್ತಂತ,
ನನಗ ಆಗಲೇ ಕತ್ತಲಿ.
ಕಣ್ಣು ನೆತ್ತಿ ಮ್ಯಾಲ ಅದಾವೇನು ಅಂತ ಬೈದ್ರು.
ಅದು ಸುರುವಾತು ಅಂತ ಯಾರಿಗೂ ಹೊಳೀಲಿಲ್ಲ.

ಮೊದಲ ಸಂಜಿ ಹೋತು.
ಆಮ್ಯಾಲ ಆಜೂಬಾಜೂ ಹೋದವು,
ಕಂಡಿಕಿ ತೂತಿನಾಗಿಂದ ನೋಡಿದಂಗ ಊರು.
ಅಕ್ಕಿಕಾಳ ಹಾಕೂ ಹೊತ್ತಿಗೆ
ಗಂಡನ ಮೂಗು ಕಂಡಿತು, ಕಿವಿ ಕಾಣಲಿಲ್ಲ.
ಮಗ ಹುಟ್ಟಿದಾಗ ಅಷ್ಟೂ ಇಲ್ಲ.

ಈಗ ಬೆಟಗೇರ್ಯಾಗ ರಾಟಿ ಮುಂದ ಕುಂತೀನಿ.
ನೂಲು ಹರದ್ರ ಬೆರಳಿಗೆ ಮೊದಲ ಗೊತ್ತು.
ಹಸರು ನೂಲಿಗೆ ಬ್ಯಾರೇನ ವಾಸನಿ ಐತಿ ಅಂದ್ರ
ನಗತಾರ. ನಗಲಿ.

ಮೊನ್ನೆ ಅಣ್ಣನ ಮಗಳು ತೇಜು ಧಾರವಾಡದಿಂದ ಬಂದು
ನನ್ನ ಅಂಗೈ ಬಿಡಿಸಿ
ನಡುವ ಉಗುರಿಲೆ ಒಂದ ಚುಕ್ಕಿ ಒತ್ತಿದ್ಲು.
"ಅತ್ತೀ, ಪಾಚಿಯೊಳಗ ಒಂದ ಜಾತಿ ಐತಿ,
ಕಣಕ್ಕೊಂದು ಇಷ್ಟ ಕಣ್ಣು.
ಮಿದುಳಿಲ್ಲ, ನರ ಇಲ್ಲ.
ಬೆಳಕು ಬಿದ್ರ ಸಣ್ಣದೊಂದ ಬಾಗಲಾ ತೆಗೀತದ,
ತಗದು, ಬೆಳಕಿನ ಕಡೆ ಈಜತದ.
ಆ ಬಾಗಲಾ ಮಾಡೂ ಗುಟ್ಟು ಕದ್ದು
ಸೂಜಿಲೆ ಕಣ್ಣಾಗ ಬಿಡತಾರ.
ನಿನ್ನ ಕಣ್ಣಾಗ ನೋಡೂವು ಸತ್ತಾವು,
ಸುದ್ದಿ ಒಯ್ಯೂವು ಇನ್ನೂ ಖಾಲಿ ಕುಂತಾವು,
ಅವಕ್ಕ ಈ ಬಾಗಲಾ ಕೂಡಸೂದು."

ಎಲ್ಲೆ?

"ಇಲ್ಲೆಲ್ಲೂ ಅಲ್ಲ, ಇನ್ನ.
ದೂರದ ದೇಶದಾಗ, ಬೆರಳೆಣಿಕಿ ಮಂದಿಗೆ.
ದಪ್ಪ ಕನ್ನಡಕ ಹಾಕೋಬೇಕು. ಬಣ್ಣ ಬರೂದಿಲ್ಲ.
ಮೇಜಿನ ಮ್ಯಾಲ ಕಪ್ಪುಬಸಿ ಐತೋ ಇಲ್ಲೋ, ಅಷ್ಟ."

ಅಷ್ಟ.

ಹಲ್ಲಿನ ಸಂದ್ಯಾಗ ನಾಲಿಗಿ ಹೋದಾಗೆಲ್ಲ
ಮೂವತ್ತೆರಡ ವರ್ಷ ಆ ಪಾಚಿಗೆ ಬೈದೀನಿ.
ಅದೂ ಪಾಪ, ಆ ತಣ್ಣನ ಕಲ್ಲಿನ ಮ್ಯಾಲ
ಬೆಳಕ ಹುಡುಕ್ಕೋತ ಕುಂತಿತ್ತಲ್ಲ,
ನಾನೂ ಅದನ್ನ ಹುಡುಕ್ಕೋತ ಇಳದಿದ್ದೆ.
ದಾರಿಯೊಳಗ ಡಿಕ್ಕಿ ಆತು.

"ಕಪ್ಪುಬಸಿ ಕಂಡ್ರ ಕಿವೀನೂ ಕಾಣತಾವೇನ?"
"ಯಾರ ಕಿವಿ, ಅತ್ತೀ?"

ಹೇಳಲಿಲ್ಲ. ರಾಟಿ ತಿರುವಿದೆ.
ಚಹಾ ತಂದಿಟ್ಲು. ಎಲ್ಲಿಟ್ಟಿ ಅಂತ ಕೇಳಲಿಲ್ಲ.
ಬಿಸಿ ಬರೂ ಕಡೆ
ಕೈ ತಾನ ಹೊಂಟಿತು.